ಟ್ರಂಕ್ ಕಾಲಿನ ಗುಟ್ಟು, ಜವಳಿ ಅಂಗಡಿಯ ಬೀಗ

ನನ್ನ ತಂಗಿಯ ಮಗಳು ಈಚೆಗೆ ಬ್ಯಾಂಕಿನ ಕೆಲಸಕ್ಕೆ ಸೇರಿದಳು. ಗ್ರಾಹಕರ ವಿಷಯ ಹೊರಗೆ ಬಾಯಿ ಬಿಡುವುದಿಲ್ಲ ಎಂದು ಮೊದಲ ದಿನವೇ ಸಹಿ ಹಾಕಿಸಿಕೊಂಡರಂತೆ. ನಿಮ್ಮ ಕಾಲದಲ್ಲೂ ಹೀಗೇ ಇತ್ತಾ ದೊಡ್ಡಮ್ಮ ಎಂದು ಕೇಳಿದಳು. ಇತ್ತು ಎಂದೆ. ಅವಳಿಗೆ ಬಸ್ಸಿಗೆ ಹೊತ್ತಾಗಿತ್ತು, ಹೊರಟುಹೋದಳು. ಒಂದೇ ಮಾತಿನಲ್ಲಿ ಹೇಳಿ ಮುಗಿಸುವಂಥದ್ದಾಗಿರಲಿಲ್ಲ ಅದು. ಅವಳಂಥ ಮಕ್ಕಳು ಯಾವ ಯಾವ ಕುರ್ಚಿಯ ಮೇಲೋ ಕೂತು ಯಾರ ಯಾರದೋ ಗುಟ್ಟು ಕಾಯಬೇಕು. ಅವರಿಗಾಗಿ ಬರೆಯುತ್ತಿದ್ದೇನೆ.

ನಾನು ತಿಪಟೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದೆ. ಎಪ್ಪತ್ತರ ದಶಕದ ಮೊದಲಲ್ಲಿ ಸೇರಿದಾಗ ಊರಿನಲ್ಲಿ ಫೋನಿದ್ದವರೆಂದರೆ ಕೊಬ್ಬರಿ ಮಂಡಿ ಸಾಹುಕಾರರು, ಲಾರಿ ಆಫೀಸಿನವರು, ಡಾಕ್ಟರುಗಳು, ಸರ್ಕಾರಿ ಕಚೇರಿಗಳು. ಯಾರಾದರೂ ಫೋನೆತ್ತಿ ಹಿಡಿಕೆ ತಿರುಗಿಸಿದರೆ ನಮ್ಮ ಬೋರ್ಡಿನಲ್ಲಿ ಅವರ ನಂಬರಿನ ಪುಟ್ಟ ಮುಚ್ಚಳ ಕಟಕ್ಕೆಂದು ಬೀಳುತ್ತಿತ್ತು. ನಾವು ಒಂದು ವೈರಿನ ತುದಿಯನ್ನು ಅವರ ರಂಧ್ರಕ್ಕೆ ಚುಚ್ಚಿ ಯಾರು ಬೇಕೆಂದು ಕೇಳಿ, ಇನ್ನೊಂದು ತುದಿಯನ್ನು ಬೇಕಾದವರ ರಂಧ್ರಕ್ಕೆ ಚುಚ್ಚುತ್ತಿದ್ದೆವು. ಊರಾಚೆಯ ಕರೆಯಾದರೆ ಬುಕ್ ಮಾಡಿ ಬೆಂಗಳೂರಿನ ಲೈನಿಗಾಗಿ ಕಾಯಬೇಕು. ಅದೇ ಟ್ರಂಕ್ ಕಾಲ್. ಬೆಳಗ್ಗೆ ಬುಕ್ ಮಾಡಿದ್ದು ಸಂಜೆಗೆ ಸಿಕ್ಕರೂ ಪುಣ್ಯ. ಲೈನ್ ಸಿಕ್ಕಿದ ಮೇಲೆ ಮಾತು ಹರಿಯುತ್ತಿದೆಯೇ ಎಂದು ನಾವು ನಡುವೆ ನಡುವೆ ಕೇಳಿಸಿಕೊಳ್ಳಲೇಬೇಕು. ಕೇಳಿದ್ದನ್ನು ಅಲ್ಲೇ ಮರೆಯಬೇಕು. ನಮ್ಮ ಸೂಪರ್‌ವೈಸರ್ ಶ್ರೀಕಂಠಯ್ಯನವರು ಮೊದಲ ದಿನ ಹೇಳಿದ್ದು ಇಷ್ಟೇ: ಕಿವಿ ಇಲಾಖೆಯದು, ಬಾಯಿ ನಿಮ್ಮದು, ಅದನ್ನು ಮುಚ್ಚಿಟ್ಟುಕೊಳ್ಳಿ. ಒಂದು ಮಾತು ಹೊರಗೆ ಬಿದ್ದರೂ ಕೆಲಸ ಹೋಗುತ್ತದೆ ಎಂದೂ ಸೇರಿಸಿದರು.

ಶ್ರೀಕಂಠಯ್ಯನವರು ಕಟುವಾದ ಮನುಷ್ಯ, ಆದರೆ ತಮ್ಮ ಕೈಕೆಳಗಿನವರನ್ನು ಬಿಟ್ಟುಕೊಡುತ್ತಿರಲಿಲ್ಲ. ಸೇರಿದ ಹೊಸತರಲ್ಲಿ ನಾನೊಂದು ಎಡವಟ್ಟು ಮಾಡಿದೆ. ಮಂಡಿಯವರೊಬ್ಬರು ಲಾರಿ ಆಫೀಸು ಕೇಳಿದರು. ನಾನು ಪಕ್ಕದ ರಂಧ್ರಕ್ಕೆ ಚುಚ್ಚಿದೆ. ಅದು ತಹಸೀಲ್ದಾರರ ಮನೆ. ಎತ್ತಿದವರು ಯಾರೆಂದು ವಿಚಾರಿಸುವ ಮೊದಲೇ ಮಂಡಿಯವರು, ನಿನ್ನ ಲಾರಿ ಎಲ್ಲಿ ಸತ್ತು ಬಿದ್ದಿದೆ, ಮೂಟೆ ಬೀದಿಯಲ್ಲಿ ನೆನೆಯುತ್ತಿವೆ ಎಂದು ಶುರುಮಾಡಿ ತಂದೆ ತಾಯಿಯವರೆಗೂ ಹೋದರು. ಮಧ್ಯಾಹ್ನ ತಹಸೀಲ್ದಾರರ ಜವಾನ ಬಂದು ಸೂಪರ್‌ವೈಸರನ್ನು ಕರೆದುಕೊಂಡು ಹೋದ. ನನ್ನ ಕೆಲಸ ಹೋಯಿತು ಎಂದುಕೊಂಡೆ. ತಿರುಗಿ ಬಂದ ಶ್ರೀಕಂಠಯ್ಯನವರು ತಪ್ಪು ತಮ್ಮದೇ ಎಂದು ಹೇಳಿ ಬೈಸಿಕೊಂಡು ಬಂದಿದ್ದರು. ನನಗೆ ಅಂದದ್ದು, ಬೈಸಿಕೊಳ್ಳುವುದಕ್ಕೂ ಸೇರಿಸಿಯೇ ಸಂಬಳ ಕೊಡುತ್ತಾರಮ್ಮ ಎಂದಷ್ಟೇ. ನನಗೆ ಸಿಕ್ಕ ಒಳ್ಳೆಯ ಮೇಲಧಿಕಾರಿ ಅವರೊಬ್ಬರೇ. ಅದಕ್ಕೇ ಅವರ ಮಾತನ್ನು ಅಷ್ಟು ನಂಬಿದೆನೇನೋ.

ನಮ್ಮ ಮನೆಯವರದು ಪೇಟೆ ಬೀದಿಯಲ್ಲಿ ಜವಳಿ ಅಂಗಡಿ. ಮಾವ ನಂಜುಂಡಪ್ಪನವರು ಚಾಪೆಯ ಮೇಲೆ ಕೂತು ಸೀರೆ ಬಿಡಿಸಿ ತೋರಿಸುತ್ತಿದ್ದರೆ ನನ್ನ ಗಂಡ ಮಹದೇವಯ್ಯ ಗಜಕಡ್ಡಿ ಹಿಡಿದು ಅಳೆದು ಹರಿದು ಕೊಡುತ್ತಿದ್ದರು. ಅಂಗಡಿಯ ಜಗಲಿಯ ಮೇಲೆ ಟೈಲರ್ ರಹಮತ್ ಸಾಬರ ಹೊಲಿಗೆ ಮಿಷನ್ನು. ಬಟ್ಟೆ ಕೊಂಡವರು ಅಲ್ಲೇ ಅಳತೆ ಕೊಟ್ಟು ಹೋಗುತ್ತಿದ್ದರು. ಮಾವನಿಗೆ ಬಟ್ಟೆಯೆಂದರೆ ಪ್ರಾಣ. ಯಾರ ಮನೆಗೆ ಹೋದರೂ ಕಿಟಕಿಯ ಪರದೆಯನ್ನು ಬೆರಳಲ್ಲಿ ಹಿಡಿದು ನೋಡದೆ ಬರುತ್ತಿರಲಿಲ್ಲ. ಸೊಸೆ ಕೆಲಸಕ್ಕೆ ಹೋಗುವುದು ನೆಂಟರಿಷ್ಟರಿಗೆ ಹಿಡಿಸದಿದ್ದಾಗ ನನ್ನ ಪರ ನಿಂತವರೂ ಅವರೇ. ನಾಲ್ಕು ಜನರ ಎದುರಿಗೆ, ನಮ್ಮ ಪಾರ್ವತಿ ಡೆಲ್ಲಿಯವರ ಹತ್ತಿರ ಹಿಂದಿಯಲ್ಲಿ ಮಾತಾಡುತ್ತಾಳೆ ಎಂದು ಹೇಳಿಕೊಳ್ಳುತ್ತಿದ್ದರು.

ಪೇಟೆ ಬೀದಿ ನಿಂತಿದ್ದು ಕೊಬ್ಬರಿಯ ಮೇಲೆ. ಹರಾಜಿನ ದಿನ ದಬ್ಬೇಘಟ್ಟ, ಶೆಟ್ಟಿಕೆರೆ ಕಡೆಯ ಬಸ್ಸುಗಳ ಮೇಲೆ, ಗಾಡಿಗಳಲ್ಲಿ ಕೊಬ್ಬರಿ ಮೂಟೆ ಬರುತ್ತಿತ್ತು. ಮಾರಿದವರು ಮಂಡಿಯಿಂದ ನೇರ ಹೋಟೆಲಿಗೆ, ಅಲ್ಲಿಂದ ಪಾತ್ರೆ ಅಂಗಡಿಗೆ, ಅಲ್ಲಿಂದ ನಮ್ಮ ಅಂಗಡಿಗೆ. ಕೊಬ್ಬರಿಗೆ ಒಳ್ಳೆಯ ಧಾರಣೆ ಇದ್ದ ವರ್ಷ ಊರಿನ ನಾಯಿಗಳೂ ಮೈ ತುಂಬಿಕೊಂಡಿರುತ್ತಿದ್ದವು. ಆ ಧಾರಣೆಯನ್ನು ಕಟ್ಟುತ್ತಿದ್ದವರು ಮಾತ್ರ ನಾವು ಕಣ್ಣಲ್ಲಿ ಕಂಡಿರದ ಉತ್ತರದ ವ್ಯಾಪಾರಿಗಳು. ಅವರ ಮಾತು ಬರುತ್ತಿದ್ದುದು ನಮ್ಮ ಬೋರ್ಡಿನ ವೈರುಗಳ ಮೂಲಕ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಸತತವಾಗಿ ಒಳ್ಳೆಯ ಧಾರಣೆ ಕಂಡು ಜನ ಅದನ್ನೇ ಕಾಯಂ ಎಂದು ನಂಬಿದ್ದ ಹೊತ್ತು. ಮದುವೆಯ ಕಾಲ ಹತ್ತಿರವಾಗುತ್ತಿತ್ತು. ಒಂದು ಮಧ್ಯಾಹ್ನ ದೊಡ್ಡ ಮಂಡಿಯ ಚನ್ನಬಸಪ್ಪನವರಿಗೆ ಡೆಲ್ಲಿಯ ಕಾಲ್ ಬಂತು. ಲೈನ್ ತೀರಾ ಕೆಟ್ಟಿತ್ತು. ಅವರಿಗೆ ಆಚೆಯದು ಕೇಳುತ್ತಿಲ್ಲ, ಆಚೆಯವನಿಗೆ ಇವರದು ಕೇಳುತ್ತಿಲ್ಲ. ಹಾಗಾದಾಗ ನಡುವೆ ಇರುವ ಆಪರೇಟರೇ ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸುವುದು ವಾಡಿಕೆ. ನನಗೆ ಹಿಂದಿ ಬರುತ್ತಿತ್ತು. ಆಚೆಯವನು ಹೇಳಿದ್ದನ್ನು ಒಂದೊಂದೇ ಮಾತಾಗಿ ಕನ್ನಡದಲ್ಲಿ ಹೇಳಿದೆ. ಗೋದಾಮು ತುಂಬಿದೆ. ಹಳೆಯ ಸರಕೇ ಹೋಗುತ್ತಿಲ್ಲ. ಹಬ್ಬ ಮುಗಿಯುವವರೆಗೆ ಯಾರೂ ಕೊಳ್ಳುವುದಿಲ್ಲ. ನಮ್ಮೊಬ್ಬರದೇ ಅಲ್ಲ, ಇಲ್ಲಿ ಎಲ್ಲರದೂ ಇದೇ ಕತೆ. ಧಾರಣೆ ಅರ್ಧಕ್ಕೆ ಇಳಿದರೂ ಆಶ್ಚರ್ಯವಿಲ್ಲ, ನಿಮ್ಮ ಹತ್ತಿರ ಇರುವುದನ್ನು ಅಲ್ಲೇ ಕೈ ಬಿಡಿ.

ಇಷ್ಟನ್ನೂ ನಾನು ನನ್ನ ಬಾಯಿಯಿಂದಲೇ ಹೇಳಿದೆ. ಕದ್ದು ಕೇಳಿದ್ದಾಗಿದ್ದರೆ ಮರೆತುಬಿಡಬಹುದಿತ್ತು. ಚನ್ನಬಸಪ್ಪನವರು ಎಲ್ಲವನ್ನೂ ಇನ್ನೊಮ್ಮೆ ಹೇಳಿಸಿಕೊಂಡರು. ಆಮೇಲೆ ಮೆಲ್ಲಗೆ ಹೇಳಿದರು: "ಅಮ್ಮಾ, ಇದು ನಿಮ್ಮಲ್ಲೇ ಇರ್ಲಿ ಕಣ್ರಮ್ಮ."

"ಹೂಂ ಸಾರ್" ಎಂದೆ.

ಮುಂದಿನ ಹರಾಜಿನ ದಿನದೊಳಗೆ ಅವರ ಮಂಡಿಯ ಕೊಬ್ಬರಿಯೆಲ್ಲ ಚಿಕ್ಕಪುಟ್ಟ ಮಂಡಿಗಳವರ ಗೋದಾಮು ಸೇರಿತ್ತು. ಚನ್ನಬಸಪ್ಪನವರು ಮಗನಿಗೆ ಬೆಂಗಳೂರಲ್ಲಿ ಮನೆ ಕಟ್ಟಿಸಲು ಹಣ ಬೇಕೆಂದು ಮಾರುತ್ತಿದ್ದಾರೆ ಎಂದು ಊರೆಲ್ಲ ನಂಬಿತು. ಕೊಂಡವರು ದೊಡ್ಡವರ ಸರಕು ಸಿಕ್ಕಿತೆಂದು ಹಿಗ್ಗಿದರು.

ಅದೇ ವಾರ ನಮ್ಮ ಮನೆಯಲ್ಲಿ ಮಾವ ಬೆಂಗಳೂರಿಗೆ ಹೊರಡುವ ತಯಾರಿ. ಮದುವೆ ಕಾಲದ ಸೀರೆ, ಪಂಚೆ, ರವಿಕೆ ಕಣ ಎಲ್ಲ ಆಗಲೇ ತಂದು ತುಂಬಬೇಕು. ಹಿಂದಿನ ವರ್ಷ ತಂದದ್ದು ಸಾಲದೆ ಗಿರಾಕಿಗಳು ಹಾಸನಕ್ಕೆ ಹೋಗಿದ್ದರು, ಈ ಸಲ ಹಾಗಾಗಬಾರದು ಎಂದು ಮಾವನ ಹಟ. ದಬ್ಬೇಘಟ್ಟದ ಕರಿಯಪ್ಪ ಎಂಬ ರೈತರು ಮಗಳ ಮದುವೆಗೆ ಮೊದಲೇ ಬಂದು ಬಣ್ಣ ಹೇಳಿ ಹೋಗಿದ್ದರು. ಅಟ್ಟದಲ್ಲಿ ಕೊಬ್ಬರಿ ಒಣಗಿ ಗಲಗಲ ಅನ್ನುತ್ತಿದೆ, ಸುಲಿಸಿ ಮಾರಿದ ಕೂಡಲೇ ಬಂದು ಎತ್ತಿಕೊಂಡು ಹೋಗುತ್ತೇನೆ ಎಂದಿದ್ದರು. ಅಂಥವರು ಇನ್ನೂ ಎಷ್ಟೋ ಜನ.

ಊಟಕ್ಕೆ ಬಡಿಸುವಾಗ ನನಗೆ ತಡೆಯಲಾಗಲಿಲ್ಲ. ಈ ಸಲ ಕಮ್ಮಿ ತನ್ನಿ ಮಾವಯ್ಯ ಎಂದೆ. ಅವರು ತಲೆಯೆತ್ತಿ, ಯಾಕಮ್ಮ ಎಂದರು. ಸುಮ್ಮನೆ ಅಂದೆ ಎಂದು ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದೆ. ಅವರು ನಕ್ಕರು. ಸೊಸೆಗೆ ಸಂಬಳದ ಬುದ್ಧಿ, ವ್ಯಾಪಾರ ತಿಳಿಯುವುದಿಲ್ಲ ಎಂದು ಅತ್ತೆಗೆ ಹೇಳಿದ್ದು ಒಳಗೆ ಕೇಳಿಸಿತು.

ನನ್ನ ಗಂಡ ನಗಲಿಲ್ಲ. ಕೈ ತೊಳೆಯಲು ಹಿತ್ತಿಲಿಗೆ ಬಂದವರು ನನ್ನ ಮುಖ ನೋಡಿದರು.

"ಏನಾದ್ರೂ ಗೊತ್ತಾ ನಿಂಗೆ?"

"ಕೇಳ್ಬೇಡಿ."

"ಕೊಬ್ಬರಿದಾ?"

"ಕೇಳ್ಬೇಡಿ ಅಂದ್ನಲ್ಲ. ಹೇಳಿದ್ರೆ ನನ್ ಕೆಲಸ ಹೋಗ್ತದೆ."

ಅವರು ಕೈಗೆ ನೀರು ಹಾಕಿಕೊಳ್ಳುವುದನ್ನೂ ಮರೆತು ನಿಂತರು. "ಬುಡು ಹಂಗಾದ್ರೆ. ಅಪ್ಪನಿಗೆ ಒಂದ್ ಮಾತು ಹೇಳಿದ್ರೆ ಬೀದಿಗೆಲ್ಲ ಹೇಳ್ದಂಗೆ" ಎಂದರು. ನಿಜ. ಮಾವ ಒಳ್ಳೆಯ ಸುದ್ದಿಯನ್ನಾಗಲಿ ಕೆಟ್ಟ ಸುದ್ದಿಯನ್ನಾಗಲಿ ಒಬ್ಬರೇ ಉಣ್ಣುವವರಲ್ಲ. ಪಾತ್ರೆ ಅಂಗಡಿಯವರಿಗೆ ಹೇಳುತ್ತಿದ್ದರು, ಕರಿಯಪ್ಪನಿಗೆ ಹೇಳುತ್ತಿದ್ದರು, ಕೊನೆಗೆ ಎಲ್ಲಿಂದ ತಿಳಿಯಿತೆಂದೂ ಹೇಳುತ್ತಿದ್ದರು. ಗಂಡ ತಂದೆಯ ಜೊತೆ ಬೆಂಗಳೂರಿಗೆ ಹೋಗಿ, ಅದು ಬೇಡ ಇದು ಬೇಡ ಎಂದು ತಮ್ಮ ಕೈಲಾದಷ್ಟು ತಡೆದರಂತೆ. ಮಾವ ಅಂಗಡಿಯವರ ಮುಂದೆಯೇ ಮಗನನ್ನು ಗದರಿದರಂತೆ. ಬಟ್ಟೆ ಗಂಟುಗಳು ಸಾಲದ ಮೇಲೆ ಬಂದು ಇಳಿದವು.

ಆಮೇಲಿನದು ಬೇಗ ಆಯಿತು. ಎರಡು ಹರಾಜಿನಲ್ಲಿ ಧಾರಣೆ ಜಾರಿತು, ಮೂರನೆಯದರಲ್ಲಿ ಕೂಗುವವರೇ ಇರಲಿಲ್ಲ. ಬಂದ ಮೂಟೆ ಬಂದ ಬಸ್ಸಿನಲ್ಲೇ ತಿರುಗಿ ಹೋಯಿತು. ಹೊರದೇಶದ ಎಣ್ಣೆ ಬಂದಿದೆ ಅಂದರು, ಉತ್ತರದಲ್ಲಿ ಬೆಳೆ ಕೆಟ್ಟಿದೆ ಅಂದರು. ಒಬ್ಬೊಬ್ಬರದು ಒಂದೊಂದು ಕಾರಣ.

ಒಂದು ದಿನ ಕರಿಯಪ್ಪ ಎಕ್ಸ್‌ಚೇಂಜಿನ ಕಿಟಕಿಗೆ ಬಂದರು. ನಾನು ನಂಜುಂಡಪ್ಪನವರ ಸೊಸೆ ಎಂದು ಅವರಿಗೆ ಗುರುತಿರಲಿಲ್ಲ. "ಅವ್ವಾ, ಡೆಲ್ಲೀಲಿ ಕೊಬ್ಬರಿ ಏನಾಗೈತೆ ಅಂತ ಒಂದ್ ಮಾತು ಕೇಳಿ ಹೇಳ್ತೀರಾ? ಕಾಸು ಕೊಡ್ತೀನಿ" ಎಂದರು. ಡೆಲ್ಲಿಯಲ್ಲಿ ಯಾರ ನಂಬರು ಬೇಕು ಎಂದು ಕೇಳಿದೆ. ಅವರಿಗೆ ಅಲ್ಲಿ ಯಾರೂ ಗೊತ್ತಿರಲಿಲ್ಲ. ಡೆಲ್ಲಿಯನ್ನೇ ಕೇಳಿ ಅವ್ವಾ, ಯಾರಾದ್ರೂ ಹೇಳಾರು ಎಂದರು. ಹಿಂದೆ ಸಾಲು ಬೆಳೆದಿತ್ತು. ಶ್ರೀಕಂಠಯ್ಯನವರು ಎದ್ದು ಬಂದು, ನಂಬರಿಲ್ಲದೆ ಕಾಲ್ ಆಗುವುದಿಲ್ಲ ಎಂದು ಸಮಾಧಾನವಾಗಿಯೇ ತಿಳಿಸಿದರು. ಕರಿಯಪ್ಪ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೋದರು.

ನಾನು ಸಹಿ ಹಾಕಿದ ನಿಯಮ ಫೋನಿದ್ದವರ ಮಾತನ್ನು ಕಾಯುತ್ತಿತ್ತು. ಫೋನಿಲ್ಲದವರದು ಕಾಯುವಂಥ ಮಾತೇ ಇರಲಿಲ್ಲ. ಊರಿಗೆ ಊರೇ ಮುಳುಗುವ ಸುದ್ದಿ ಒಬ್ಬ ಸಾಹುಕಾರರ ಖಾಸಗಿ ವಿಷಯ ಹೇಗಾಯಿತು? ಶ್ರೀಕಂಠಯ್ಯನವರನ್ನು ಕೇಳಿಯೂ ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಅದನ್ನೆಲ್ಲ ಯೋಚಿಸಿದರೆ ಈ ಕುರ್ಚಿಯಲ್ಲಿ ಕೂರಲಾಗುವುದಿಲ್ಲಮ್ಮ ಎಂದರು. ಅವರು ನಿವೃತ್ತಿಯವರೆಗೂ ಕೂತರು. ನಾನೂ ಕೂತೆ.

ಮದುವೆ ಕಾಲ ಬಂತು. ಕರಿಯಪ್ಪ ಹೆಂಡತಿಯೊಂದಿಗೆ ಅಂಗಡಿಗೆ ಬಂದು, ಎತ್ತಿಟ್ಟ ಸೀರೆಗಳನ್ನೆಲ್ಲ ಬಿಡಿಸಿ ನೋಡಿ, ಧಾರೆ ಸೀರೆ ಒಂದನ್ನು ಮಾತ್ರ ತೆಗೆದುಕೊಂಡರು. ಬೀಗರಿಗೆ ಕೊಡುವುದನ್ನು ಹೇಗೆ ನಿಭಾಯಿಸುತ್ತೀರಿ ಎಂದು ಮಾವ ಕೇಳಿದ್ದಕ್ಕೆ ಆ ಹೆಂಗಸು ಸೆರಗಿನ ಅಂಚನ್ನು ಎಳೆದು ನೋಡುತ್ತಾ ಕೂತಿದ್ದಳಂತೆ. ಇನ್ನು ಕೆಲವರು ಬಂದು, ಕೂತು, ನೀರು ಕುಡಿದು, ಬರುತ್ತೇವೆ ಎಂದು ಎದ್ದು ಹೋದರು. ಮಾವ ಅಂಗಡಿಯ ಮೆಟ್ಟಿಲು ಹತ್ತಿದ ಗಿರಾಕಿಯನ್ನು ಬಿಟ್ಟವರಲ್ಲ. ಈಗ ಯಾರನ್ನೂ ಒತ್ತಾಯ ಮಾಡುತ್ತಿರಲಿಲ್ಲ.

ನಾನು ಡ್ಯೂಟಿ ಮುಗಿಸಿ ಪೇಟೆ ಬೀದಿಯಲ್ಲಿ ನಡೆದು ಬರುವಾಗ ಒಂದೊಂದು ಸಲಕ್ಕೆ ಒಂದೊಂದು ಹಲಗೆ ಬಾಗಿಲು ಮುಚ್ಚಿರುತ್ತಿತ್ತು. ಮೊದಲು ಪಾತ್ರೆ ಅಂಗಡಿ ಹೋಯಿತು. ಅದರ ಮಾಲೀಕರು ನೆಂಟರ ಮನೆಗೆ ಹೋಗುವವರ ಹಾಗೆ ಹೆಂಡತಿ ಮಕ್ಕಳೊಂದಿಗೆ ಬಸ್ಸು ಹತ್ತಿದರು. ಬೇಕರಿಯವನು ಬಿಸ್ಕತ್ತು ಸುಡುವುದನ್ನು ನಿಲ್ಲಿಸಿ ಬರೀ ಬನ್ನು ಮಾಡಿದ, ಆಮೇಲೆ ಅದೂ ಇಲ್ಲ. ರೇಡಿಯೋ ರಿಪೇರಿಯವನು ಜನರು ಬಿಟ್ಟುಹೋದ ರೇಡಿಯೋಗಳನ್ನು ಮನೆಮನೆಗೆ ಹಿಂದಿರುಗಿಸಿ ಅಂಗಡಿ ಎತ್ತಿದ. ಬೋರ್ಡಿನಲ್ಲೂ ಅಷ್ಟೇ. ಚನ್ನಬಸಪ್ಪನವರ ಸರಕು ಕೊಂಡಿದ್ದ ಚಿಕ್ಕ ಮಂಡಿಗಳವರು ಒಬ್ಬೊಬ್ಬರಾಗಿ ಫೋನು ಬಿಟ್ಟುಕೊಟ್ಟರು. ಮಾತೇ ಬಾರದ ಆ ರಂಧ್ರಗಳಿಗೆ ನಾವು ಮರದ ಬೆಣೆ ಹಾಕಿದೆವು. ತಿಂಗಳಾದರೆ ಸಂಬಳ ತರುವವಳು ಎಂದು ನನ್ನನ್ನು ಕಂಡರೆ ಬೀದಿಯವರು ಮಾತು ನಿಲ್ಲಿಸುವಂತಾಯಿತು.

ರಹಮತ್ ಸಾಬರು ಜಗಲಿ ಬಿಟ್ಟದ್ದು ಮಾವನಿಗೆ ದೊಡ್ಡ ಪೆಟ್ಟು. ಅಮ್ಮಸಂದ್ರದಲ್ಲಿ ಸಿಮೆಂಟ್ ಫ್ಯಾಕ್ಟರಿಯ ಸಂಬಳದವರಿದ್ದಾರೆ, ಅಲ್ಲಿ ಹೊಲಿಗೆಯಾದರೂ ಸಿಗುತ್ತದೆ ಎಂದು ಮಿಷನ್ನನ್ನು ಗಾಡಿಗೆ ಏರಿಸಿದರು. ಹೊರಡುವಾಗ ಮಾವನ ಕೈ ಹಿಡಿದು, "ನೀವೂ ಬಂದ್ಬಿಡಿ ಅಣ್ಣಾ, ಅಲ್ಲೊಂದು ಗೂಡಂಗಡಿ ಹಾಕಾಣ" ಎಂದರು. ಮಾವ, ನೀ ಹೋಗಪ್ಪ ಎಂದು ಬೆನ್ನು ತಟ್ಟಿ ಕಳಿಸಿದರು. ವರ್ಷ ತಿರುಗುವಷ್ಟರಲ್ಲಿ ನಮ್ಮ ಅಂಗಡಿಗೂ ಬೀಗ ಬಿತ್ತು. ಉಳಿದ ಬಟ್ಟೆಯನ್ನು ಸಾಲ ಕೊಟ್ಟಿದ್ದ ಬೆಂಗಳೂರಿನ ವರ್ತಕರೇ ಬಂದು ತಾವು ಹೇಳಿದ ಬೆಲೆಗೆ ಕಟ್ಟಿಕೊಂಡು ಹೋದರು. ಮಾವ ಕೊನೆಯ ಸಲ ಚಾಪೆ ಸುತ್ತಿ ಹೆಗಲ ಮೇಲೆ ಹೊತ್ತುಕೊಂಡು ಮನೆಗೆ ಬಂದದ್ದನ್ನು ನಾನು ನೋಡಿದೆ. ಮಗ ಹೊರುತ್ತೇನೆಂದರೂ ಕೊಡಲಿಲ್ಲ.

ಗಂಡ ಬಟ್ಟೆ ಗಂಟು ಹೊತ್ತು ಸಂತೆ ಸಂತೆ ತಿರುಗತೊಡಗಿದರು. ಮನೆ ನಡೆದದ್ದು ನನ್ನ ಸಂಬಳದಲ್ಲಿ. ಮಾವ ಸುಮ್ಮನೆ ಕೂರಲಾರದೆ ಕೆಲಸ ಕೇಳಿಕೊಂಡು ಹೋದರು. ಊರಲ್ಲಿ ನೆಟ್ಟಗೆ ನಿಂತಿದ್ದುದು ಚನ್ನಬಸಪ್ಪನವರ ಮಂಡಿಯೊಂದೇ. ಧಾರಣೆ ಪೂರಾ ನೆಲಕಚ್ಚಿದಾಗ ಅವರು ಸಿಕ್ಕ ಸಿಕ್ಕವರ ಕೊಬ್ಬರಿಯನ್ನೆಲ್ಲ ಕೊಂಡು ತುಂಬಿಟ್ಟಿದ್ದರು. ಅಲ್ಲಿ ಮಾವನಿಗೆ ಮೂಟೆ ಎಣಿಸುವ ಗುಮಾಸ್ತಿಕೆ ಸಿಕ್ಕಿತು.

ಒಂದು ಸಂಜೆ ಅವರು ಮಂಡಿಯಿಂದ ಬಂದವರು ಚಪ್ಪಲಿ ಬಿಡದೆ ನಡುಮನೆಯಲ್ಲಿ ನಿಂತು ನನ್ನನ್ನು ಕರೆದರು. ಸಾಹುಕಾರರು ಅವತ್ತು ಒಳ್ಳೆಯ ಮನಸ್ಸಿನಲ್ಲಿದ್ದು ನಾಲ್ಕು ಜನರೆದುರು ನನ್ನನ್ನು ಹೊಗಳಿದ್ದರಂತೆ. ನಂಜುಂಡಪ್ಪನವರೇ, ನಿಮ್ಮ ಸೊಸೆಯಂಥ ಹೆಣ್ಣುಮಗಳು ಇಲ್ಲ, ಡೆಲ್ಲಿಯ ಆ ಮಾತನ್ನು ನನಗೆ ಬಿಡಿಸಿ ಹೇಳಿದ್ದೇ ಆಕೆ, ಮನೆಯವರಿಗೂ ಬಾಯಿ ಬಿಟ್ಟಿಲ್ಲ ನೋಡಿ ಎಂದಿದ್ದರಂತೆ.

"ಹೌದೇನಮ್ಮ?" ಎಂದರು ಮಾವ.

"ಹೌದು ಮಾವಯ್ಯ."

"ನಾನ್ ಬೆಂಗಳೂರಿಗೆ ಹೋಗೋ ಮುಂಚೆನಾ?"

"ಹೂಂ."

ಗಂಡ ಏನೋ ಹೇಳಲು ಎದ್ದರು. ಮಾವ ಕೈಯೆತ್ತಿ ತಡೆದು, "ನೀನೂ ತಿಳ್ಕಂಡಿದ್ದೆ ಅನ್ನು" ಎಂದರು. ಬೈಯಲಿಲ್ಲ. ಹೊರಗೆ ಹೋಗಿ ಚಪ್ಪಲಿ ಬಿಟ್ಟು, ಕಾಲು ತೊಳೆದು, ಪೂಜೆಗೆ ಕೂತರು. ಅಂದಿನಿಂದ ಅವರು ನನ್ನೊಡನೆ ನೇರವಾಗಿ ಮಾತಾಡಲಿಲ್ಲ. ಏನು ಬೇಕಾದರೂ ಅತ್ತೆಯ ಮೂಲಕ. ನಾನು ಬಡಿಸಿದ್ದನ್ನು ಉಣ್ಣುತ್ತಿದ್ದರು, ಸಾಕು ಎನ್ನಲು ಕೈ ಅಡ್ಡ ಹಿಡಿಯುತ್ತಿದ್ದರು. ಬೆಳಗ್ಗೆ ಎದ್ದು ಅದೇ ಮಂಡಿಗೆ ಹೋಗುತ್ತಿದ್ದರು. ಚನ್ನಬಸಪ್ಪನವರ ಮೇಲೂ ಅವರು ಸಿಟ್ಟು ತೋರಿದ್ದನ್ನು ನಾನು ಕಂಡಿಲ್ಲ. ಗಂಡಸಿಗೆ ತನ್ನ ಅನ್ನದ ಮೇಲೆ ಸಿಟ್ಟು ಮಾಡಲಾಗುವುದಿಲ್ಲ. ಮನೆಯ ಹೆಂಗಸಿನ ಮೇಲೆ ಮಾಡಬಹುದು.

ಎಂಬತ್ತರ ದಶಕದ ಕೊನೆಗೆ ಹೊಸ ಮಿಷನ್ನು ಬಂತು. ಜನ ತಾವೇ ನಂಬರು ತಿರುಗಿಸಿ ಮಾತಾಡುವ ಹಾಗಾಯಿತು. ನಮ್ಮ ಬೋರ್ಡನ್ನು ಬಿಚ್ಚಿ ಲಾರಿಗೆ ಹೇರಿದರು. ಕೆಲಸ ಉಳಿಯಿತು, ಕುರ್ಚಿ ಬದಲಾಯಿತು. ಬೇರೆ ಕಡೆ ಕೂತು ಬೇರೆ ಕೆಲಸ ಮಾಡಿ ನಿವೃತ್ತಳಾದೆ. ಅದರಲ್ಲಿ ಹೇಳುವಂಥದ್ದೇನಿಲ್ಲ.

ಹೊಸ ಮಿಷನ್ನು ಬಂದ ಸಂತೋಷಕ್ಕೆ ಊರಿನ ವರ್ತಕರು ಒಂದು ಸಮಾರಂಭ ಇಟ್ಟುಕೊಂಡರು. ಅಧ್ಯಕ್ಷತೆ ಚನ್ನಬಸಪ್ಪನವರದು. ಹಳೆಯ ಆಪರೇಟರುಗಳನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ನನ್ನ ಸರದಿ ಬಂದಾಗ ಅವರು ಮೈಕಿನಲ್ಲಿ, ನಮ್ಮ ವ್ಯಾಪಾರದ ಎಷ್ಟು ಮಾತು ಈ ತಾಯಿಯ ಕಿವಿಯಲ್ಲಿ ಹಾದುಹೋಗಿವೆಯೋ, ಒಂದೂ ಹೊರಗೆ ಬರಲಿಲ್ಲ ಎಂದರು. ಜನ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿ ಕೂತಿದ್ದವರಲ್ಲಿ ಆ ಚಿಕ್ಕ ಮಂಡಿಯವರು ಒಬ್ಬರೂ ಇರಲಿಲ್ಲ. ನಾನು ಕೈ ಮುಗಿದು ಇಳಿದು ಬಂದೆ. ಬೇರೇನು ಮಾಡಬಹುದಿತ್ತೆಂದು ನನಗೆ ಆಗಲೂ ಹೊಳೆಯಲಿಲ್ಲ.

ಮನೆಗೆ ಬಂದಾಗ ಮಾವ ಜಗಲಿಯ ಮೇಲೆ ಕೂತಿದ್ದರು. ಕಣ್ಣು ಮಂಜಾಗಿ ಮಂಡಿಗೆ ಹೋಗುವುದನ್ನು ಬಿಟ್ಟಿದ್ದರು. ಶಾಲನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು ಒಳಗೆ ಹೋಗುತ್ತಿದ್ದವಳಿಗೆ ಅವರು ಕೈ ಚಾಚಿದರು. ಕೊಟ್ಟೆ. ಅಂಚನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಉಜ್ಜಿ, ಒಂದು ಮಡಿಕೆ ಬಿಡಿಸಿ, ಬೆಳಕಿಗೆ ಎತ್ತಿ ಹಿಡಿದರು. ಎಷ್ಟೋ ವರ್ಷದ ಮೇಲೆ ನನ್ನ ಮುಖಕ್ಕೆ ನೇರವಾಗಿ ಮಾತಾಡಿದರು.

"ಮಾಲು ಚೆನ್ನಾಗೈತೆ. ಇಟ್ಕೊಳಮ್ಮ. ಇದಕ್ಕೆ ಹೋಗಿರೋ ದುಡ್ಡು ನಮ್ದೇ."

ಮತ್ತೆ ಮಡಿಸಿದರು, ಅಂಗಡಿಯಲ್ಲಿ ಗಿರಾಕಿಗೆ ಕೊಡುವಾಗ ಮಡಿಸುತ್ತಿದ್ದ ಹಾಗೆ ಅಂಚಿಗೆ ಅಂಚು ಕೂಡಿಸಿ, ನನ್ನ ಕೈಗಿಟ್ಟರು.